ಎಂಟು ಸಾಲಿನ ಹಲಗೆ

ನವೆಂಬರ್ 1ರ ಹಲಗೆ ಬರೆಯುವುದು ಬಲು ಸುಲಭ ಎಂದು ನಮ್ಮ ಸಂಘದವರ ಅಂದಾಜು. 1956ರಲ್ಲಿ ಕನ್ನಡ ಮಾತನಾಡುವ ಪ್ರದೇಶಗಳು ಒಂದು ರಾಜ್ಯದೊಳಗೆ ಬಂದವು, 1973ರಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು, ಕೆಳಗೊಂದು ಜೈಕಾರ ಬರೆದರೆ ಮುಗಿಯಿತು. ನಾನು ಇನ್ನೊಂದು ಸಾಲು ಸೇರಿಸುತ್ತೇನೆ. ರಾಜ್ಯದ ಹೆಸರು ಬದಲಾದ ಅದೇ ದಿನ, ಅಂದರೆ 1973ರ ನವೆಂಬರ್ 1ರಂದೇ, ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಕ್ಯಾಂಟೀನಿಗೆ ಹೊರಟವರು ನಿಲ್ಲುವುದು ಈ ಸಾಲಿನ ಮುಂದೆ. ‘ಹಾಗಾದರೆ ಕರ್ನಾಟಕಕ್ಕೂ ಆಕೆಗೂ ಒಂದೇ ವಯಸ್ಸು’ ಎಂದು ಯಾರೋ ಒಬ್ಬರು ಲೆಕ್ಕ ಹಾಕುತ್ತಾರೆ. ಆಮೇಲೆ ಅವರ ಕಣ್ಣು ತಾನಾಗಿಯೇ ಮೇಲಿನ ಎರಡು ಸಾಲುಗಳಿಗೆ ಹೋಗುತ್ತದೆ. ನನಗೆ ಬೇಕಾದದ್ದೂ ಅದೇ.

ಬೆಂಗಳೂರಿನ ಒಂದು ಕಾರ್ಖಾನೆಯ ಕನ್ನಡ ಸಂಘದಲ್ಲಿ ‘ಈ ದಿನ’ ಹಲಗೆ ಬರೆಯುವ ಕೆಲಸ ಬಹಳ ವರ್ಷಗಳಿಂದ ನನ್ನದು. ಮೊದಲ ಪಾಳಿ ಶುರುವಾಗುವ ಮುಂಚೆ ಬರೆದು ಮುಗಿಸಬೇಕು. ಕ್ಯಾಂಟೀನಿನ ಬಾಗಿಲ ಪಕ್ಕದ ಹಲಗೆ ಅದು. ದೂರದಿಂದ ಕಾಣುವ ಅಕ್ಷರದಲ್ಲಿ ಬರೆದರೆ ಎಂಟೇ ಸಾಲು ಹಿಡಿಯುತ್ತದೆ. ಅಂತರ್ಜಾಲದಲ್ಲಿ ಯಾವ ತಾರೀಖನ್ನು ಹುಡುಕಿದರೂ ನೂರಾರು ಸಾಲು ಸಿಗುವ ಈ ಕಾಲದಲ್ಲಿ ಎಂಟೇ ಸಾಲಿರುವುದು ಒಂದು ಪುಣ್ಯ. ಕೆಲಸವೆಲ್ಲ ಇರುವುದು ಏನನ್ನು ಬಿಡಬೇಕು ಎಂಬುದರಲ್ಲಿ.

ನನ್ನ ಬಂಡವಾಳ ಒಂದು ದಪ್ಪ ನೋಟ್‌ಬುಕ್. ತಾರೀಖಿಗೊಂದರಂತೆ 366 ಪುಟ. ಹೊಸದಾಗಿ ಸಿಕ್ಕ ಸಂಗತಿಯನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ; ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ ಅದೇ ತಾರೀಖು ಸಿಕ್ಕ ಮೇಲೆ ಪೆನ್ನಿನಿಂದ ತಿದ್ದುತ್ತೇನೆ. ಒಂದು ಜಾಲತಾಣವನ್ನು ನೋಡಿ ಇನ್ನೊಂದು ಬರೆದಿದ್ದರೆ ಅದು ಎರಡಲ್ಲ, ಒಂದೇ. ಒಬ್ಬರ ಆತ್ಮಕಥೆ, ಘಟನೆಯ ಮರುದಿನದ ಪತ್ರಿಕೆ, ಸರ್ಕಾರದ ಆದೇಶ ಇವುಗಳಲ್ಲಿ ಒಂದಾದರೂ ಇದ್ದರೆ ಧೈರ್ಯ. ಹಳೆಯ ಪತ್ರಿಕೆಗಳಿಗಾಗಿ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗುವುದೂ ಉಂಟು. ಆ ಕೆಂಪು ಕಟ್ಟಡದಲ್ಲಿ ಒಂದು ತಾರೀಖು ಹುಡುಕಲು ಕುಳಿತು ಹಳೆಯ ಜಾಹೀರಾತುಗಳನ್ನು ಓದುತ್ತಾ ಮಧ್ಯಾಹ್ನ ಕಳೆದುಬಿಡುವ ಚಟ ನನಗಿದೆ.

ಇನ್ನೊಂದು ಪರೀಕ್ಷೆ ವಾರದ್ದು. ಹಳೆಯ ಬರಹಗಳಲ್ಲಿ ತಾರೀಖಿನ ಜೊತೆ ವಾರವೂ ಇರುತ್ತದೆ. 1947ರ ಆಗಸ್ಟ್ 15 ಶುಕ್ರವಾರ, 1950ರ ಜನವರಿ 26 ಗುರುವಾರ. ವಾರ ಹೊಂದದಿದ್ದರೆ ಎರಡರಲ್ಲಿ ಒಂದು ತಪ್ಪು, ಆ ಸಾಲು ಪೆನ್ಸಿಲ್‌ನಲ್ಲೇ ಉಳಿಯುತ್ತದೆ. (1956ರ ನವೆಂಬರ್ 1 ಗುರುವಾರ, 1973ರದ್ದೂ ಗುರುವಾರ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಹೇಳದೆ ಇರಲಾರೆ.)

ಸಾಲುಗಳು ಒಂದಕ್ಕೊಂದು ಮಾತನಾಡಬೇಕು ಎಂಬುದು ನನ್ನ ಹಟ. ಅಕ್ಟೋಬರ್ 10ರಂದು 1902ರಲ್ಲಿ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದರು. 1906ರಲ್ಲಿ ಅದೇ ದಿನ ಆರ್.ಕೆ. ನಾರಾಯಣ್ ಹುಟ್ಟಿದರು. ಒಬ್ಬರು ಕಡಲತೀರದ ಬದುಕನ್ನು ಕನ್ನಡದಲ್ಲಿ ಬರೆದವರು, ಇನ್ನೊಬ್ಬರು ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದವರು. ಈ ಎರಡು ಸಾಲು ಇದ್ದರೆ ಆ ದಿನ ಹಲಗೆ ತುಂಬಿದಂತೆಯೇ. ನವೆಂಬರ್ 9 ಇನ್ನೊಂದು ಬಗೆ: 1954ರಲ್ಲಿ ಶಂಕರ್ ನಾಗ್ ಜನನ, 1989ರಲ್ಲಿ ಬರ್ಲಿನ್ ಗೋಡೆಗೆ ಬಿರುಕು. ಗೋಡೆಗೂ ಶಂಕರಣ್ಣನಿಗೂ ಯಾವ ನಂಟೂ ಇಲ್ಲ. ಆದರೆ ಆ ದಿನ ಅವರಿಗೆ ಮೂವತ್ತೈದು ತುಂಬಿತ್ತು, ವರ್ಷ ತುಂಬುವ ಮೊದಲೇ, 1990ರ ಸೆಪ್ಟೆಂಬರ್ 30ರಂದು ಅವರು ಹೋಗಿಬಿಟ್ಟರು ಎಂದು ಹೊಳೆದಾಗ ದೂರದ ಇತಿಹಾಸ ನಮ್ಮ ನೆನಪಿನ ಕಾಲಕ್ಕೆ ಅಂಟಿಕೊಳ್ಳುತ್ತದೆ.

ಸಿನಿಮಾ ನಟರ ಹುಟ್ಟುಹಬ್ಬದ ದಿನ ಹಲಗೆ ಬರೆಯುವವನಿಗೆ ಗಟ್ಟಿ ಎದೆ ಬೇಕು. ಸೆಪ್ಟೆಂಬರ್ 18ರಂದು ವಿಷ್ಣುವರ್ಧನ್ ಅವರದೂ ಉಪೇಂದ್ರ ಅವರದೂ ಒಟ್ಟಿಗೆ ಬರುತ್ತದೆ. ಒಮ್ಮೆ ನಾನಿನ್ನೂ ಕೈಯ ಸುಣ್ಣ ಒರೆಸಿಕೊಂಡಿರಲಿಲ್ಲ, ಲೇತ್ ವಿಭಾಗದ ಹಿರಿಯರೊಬ್ಬರು ಬಂದು ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು. ‘ಏನು ಸ್ವಾಮಿ, ನಮ್ಮ ದಾದಾ ಹೆಸರೂ ಆ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ?’ ಎಂದರು. ಅವರ ಹಿಂದೆಯೇ ನಿಂತಿದ್ದ ಹುಡುಗ, ‘ಸಾರ್, ಉಪ್ಪಿ ಹೆಸರನ್ನು ಯಾಕೆ ಕೆಳಗೆ ಹಾಕಿದ್ದೀರಿ?’ ಎಂದು ಕೇಳಿದ. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ಇಲ್ಲಿ ವಯಸ್ಸಿನ ಪ್ರಕಾರ ಸಾಲು, ಅಕ್ಷರಕ್ಕೆ ಒಂದೇ ಅಳತೆ. ಸಾಲದೆಂಬಂತೆ ವಿಷ್ಣು ಹುಟ್ಟಿದ 1950ರ ಅದೇ ದಿನವೇ ಶಬಾನಾ ಆಜ್ಮಿ ಕೂಡ ಹುಟ್ಟಿದ್ದು ಎಂದು ಹೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನು ಬರೆಯಿರಿ, ಪರವಾಗಿಲ್ಲ’ ಎಂದು ಅಪ್ಪಣೆ ಕೊಟ್ಟರು.

ಹುಟ್ಟು ಮತ್ತು ಸಾವಿನ ನಡುವೆ ಸಾಲು ಹಂಚುವುದು ಇನ್ನೂ ಸೂಕ್ಷ್ಮ. ಏಪ್ರಿಲ್ 24 ಹಬ್ಬದ ದಿನ: 1929ರಲ್ಲಿ ಡಾ. ರಾಜ್‌ಕುಮಾರ್, 1973ರಲ್ಲಿ ಸಚಿನ್ ತೆಂಡೂಲ್ಕರ್. 1990ರಲ್ಲಿ ಹಬಲ್ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಹಾರಿಸಿದರು, 1993ರಲ್ಲಿ ಪಂಚಾಯತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂತು. ಆದರೆ ಏಪ್ರಿಲ್ 12ರಂದು, 1961ರಲ್ಲಿ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯನಾದ ದಿನ, 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡರು. ಬೆಂಗಳೂರಿನಲ್ಲಿದ್ದವರಿಗೆ ಆ ದಿನ ಏನಾಗಿತ್ತು, ಮರುದಿನ ಏನಾಯಿತು ಎಂದು ಹೇಳಬೇಕಾಗಿಲ್ಲ. ಆ ದಿನ ಅಣ್ಣಾವ್ರದ್ದೇ ಮೊದಲ ಸಾಲು, ಗಗಾರಿನ್ ಎರಡನೆಯದು. ವರ್ಷದ ಕ್ರಮ ಮುರಿಯುವುದು ವರ್ಷಕ್ಕೆ ಇದೊಂದೇ ದಿನ.

ಈಗ ಕ್ಯಾಲೆಂಡರಿನ ತಕರಾರಿಗೆ ಬರೋಣ. ನವೆಂಬರ್ 7 ನಮ್ಮ ಊರಿಗೆ ಹತ್ತಿರದ ದಿನ. 1888ರಲ್ಲಿ ಹುಟ್ಟಿದ ಸಿ.ವಿ. ರಾಮನ್ 1933ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು, 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿ, 1970ರಲ್ಲಿ ಇಲ್ಲೇ ಕೊನೆಯುಸಿರೆಳೆದರು. 1867ರ ಅದೇ ದಿನ ಮೇರಿ ಕ್ಯೂರಿ ಜನನ. ಒಂದೇ ತಾರೀಖಿಗೆ ಇಬ್ಬರು ನೊಬೆಲ್ ವಿಜ್ಞಾನಿಗಳು. ಮೂರನೆಯ ಸಾಲಿನಲ್ಲಿ 1917ರ ರಷ್ಯಾದ ಅಕ್ಟೋಬರ್ ಕ್ರಾಂತಿ ಎಂದು ಬರೆದಿದ್ದೆ. ಅಪ್ರೆಂಟಿಸ್ ಹುಡುಗಿಯೊಬ್ಬಳು, ‘ಅಕ್ಟೋಬರ್ ಕ್ರಾಂತಿ ನವೆಂಬರಿನಲ್ಲಿ ಹೇಗೆ ಸಾರ್?’ ಎಂದು ಕೇಳಿದಳು. ಆಗ ರಷ್ಯಾ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು, ಅಲ್ಲಿ ಅದು ಅಕ್ಟೋಬರ್ 25. 1918ರಲ್ಲಿ ಅವರು ಬದಲಾಯಿಸಿಕೊಂಡಾಗ ಜನವರಿ 31ರ ಮರುದಿನ ಫೆಬ್ರವರಿ 14 ಆಯಿತು. ‘ಹಾಗಾದರೆ ಆ ತಿಂಗಳ ಸಂಬಳ?’ ಎಂದು ಕೇಳಿದಳು. ಯೂನಿಯನ್‌ಗೆ ಹೇಳಿ ಮಾಡಿಸಿದ ಮಗು.

ಗ್ರೆಗರಿ ಪೋಪ್ 1582ರಲ್ಲಿ ಹೊಸ ಕ್ಯಾಲೆಂಡರ್ ತಂದಾಗ ಅಕ್ಟೋಬರ್ 4ರ ಮರುದಿನ 15 ಬಂತು. ಇಂಗ್ಲೆಂಡ್ ಒಪ್ಪಿಕೊಂಡದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ 14. ಈ ನಡುವಿನ ಕಾಲದ ಯಾವ ತಾರೀಖನ್ನೂ ಊರು ಕೇಳದೆ ನಾನು ಹಲಗೆಗೆ ಹತ್ತಿಸುವುದಿಲ್ಲ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂದು ಶಾಲೆಯಲ್ಲಿ ಕೇಳಿದ್ದೇವೆ. ಇಟಲಿಯ ಹೊಸ ಲೆಕ್ಕದಲ್ಲಿ ಗೆಲಿಲಿಯೋ ಸತ್ತದ್ದು 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ 1642ರ ಡಿಸೆಂಬರ್ 25, ಹೊಸ ಲೆಕ್ಕದಲ್ಲಿ 1643ರ ಜನವರಿ 4. ಎರಡು ಬೇರೆ ಬೇರೆ ಕ್ಯಾಲೆಂಡರುಗಳನ್ನು ಬೆರೆಸಿದರೆ ಮಾತ್ರ ಆ ಕಥೆ ನಿಲ್ಲುತ್ತದೆ. ಗೆಲಿಲಿಯೋ ಸತ್ತು ಸರಿಯಾಗಿ ಮುನ್ನೂರು ವರ್ಷಕ್ಕೆ, 1942ರ ಜನವರಿ 8ರಂದು, ಸ್ಟೀಫನ್ ಹಾಕಿಂಗ್ ಹುಟ್ಟಿದ್ದು ಮಾತ್ರ ಅಪ್ಪಟ ನಿಜ. ಅದೇ ತಾರೀಖಿನಲ್ಲಿ ನಮ್ಮ ಯಶ್ ಕೂಡ ಇದ್ದಾರೆ, ಹಾಗಾಗಿ ಆ ದಿನ ಗೆಲಿಲಿಯೋಗೆ ಓದುಗರು ಹೆಚ್ಚು.

ಗಡಿಯಾರವೂ ತೊಂದರೆ ಕೊಡುತ್ತದೆ. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20 ಎಂದು ಜಗತ್ತಿನ ಪಟ್ಟಿಗಳೆಲ್ಲ ಹೇಳುತ್ತವೆ. ಆ ಕ್ಷಣಕ್ಕೆ ಬೆಂಗಳೂರಿನಲ್ಲಿ 21ರ ಬೆಳಗಿನ ಜಾವ 1 ಗಂಟೆ 47 ನಿಮಿಷ. ಹಿರೋಷಿಮಾದ ಮೇಲೆ ಬಾಂಬ್ ಬಿದ್ದದ್ದಕ್ಕೆ ಹಿರೋಷಿಮಾದ ತಾರೀಖು ಎನ್ನಬಹುದು. ಚಂದ್ರನಿಗೆ ಯಾವ ಊರಿನ ತಾರೀಖು? ನಾನು 21ರಂದೇ ಬರೆಯುತ್ತೇನೆ, ‘ನಮ್ಮ ಗಡಿಯಾರದಲ್ಲಿ’ ಎಂದು ಸೇರಿಸಿ. ಚಂದ್ರಯಾನ-3 ಈ ಕಷ್ಟ ಕೊಡಲಿಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷ; ಇಳಿಸಿದವರು ಕುಳಿತಿದ್ದದ್ದೇ ಬೆಂಗಳೂರಿನಲ್ಲಿ.

ಬಸವಣ್ಣ, ಕನಕದಾಸರಂಥವರ ಜಯಂತಿಗಳು ತಿಥಿಯ ಪ್ರಕಾರ ಬರುವುದರಿಂದ ನೋಟ್‌ಬುಕ್ಕಿನಲ್ಲಿ ಅವರಿಗೆ ಪುಟವಿಲ್ಲ. ಪ್ರತಿ ವರ್ಷ ಪಂಚಾಂಗ ನೋಡಿ ಬರೆಯುತ್ತೇನೆ. ಸರ್. ಎಂ. ವಿಶ್ವೇಶ್ವರಯ್ಯನವರಿಗೆ ತಾರೀಖು ಗಟ್ಟಿ, ಸೆಪ್ಟೆಂಬರ್ 15. ವರ್ಷದಲ್ಲಿ ಮಾತ್ರ 1860, 1861 ಎಂದು ಎರಡು ಮತ. ಜನ್ಮಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರಲ್ಲಿ. ಎಂಜಿನಿಯರುಗಳೇ ತುಂಬಿರುವ ಕಾರ್ಖಾನೆಯಲ್ಲಿ ಆ ವಾದ ಶುರುವಾದರೆ ಪಾಳಿ ಮುಗಿದರೂ ಮುಗಿಯುವುದಿಲ್ಲ. ಹಾಗಾಗಿ ವರ್ಷ ಬಿಟ್ಟು ದಿನ ಮಾತ್ರ ಬರೆಯುತ್ತೇನೆ.

ಒಂದೇ ದಿನ ಹುಟ್ಟಿದವರಿಗೆ ಒಂದೇ ಹಣೆಬರಹವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಲೆಕ್ಕ ಹೇಳುತ್ತೇನೆ: ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ನಮ್ಮ ವಿಭಾಗದಲ್ಲಿ ಅದನ್ನು ಪರೀಕ್ಷಿಸಲು ಹೋದರೆ ಲೆಕ್ಕವೇ ಕೆಟ್ಟಿತು, ಏಕೆಂದರೆ ಹಳಬರಲ್ಲಿ ಅನೇಕರ ಹುಟ್ಟಿದ ದಿನ ಜೂನ್ 1! ಶಾಲೆ ಶುರುವಾಗುವ ಹೊತ್ತಿಗೆ ಮಗುವನ್ನು ಕರೆದೊಯ್ದಾಗ ಹೆಡ್‌ಮಾಸ್ಟರರು ವಯಸ್ಸು ಸರಿಹೊಂದಿಸಿ ಬರೆದ ತಾರೀಖು ಅದು. ಅದೇ ಸೇವಾ ಪುಸ್ತಕಕ್ಕೆ ಬಂತು, ಅದರ ಪ್ರಕಾರವೇ ನಿವೃತ್ತಿ. ‘ನಿಮ್ಮ ನಿಜವಾದ ದಿನ ಯಾವುದು?’ ಎಂದು ಅವರಲ್ಲಿ ಒಬ್ಬರನ್ನು ಕೇಳಿದೆ. ‘ಅವ್ವ ಹೇಳುತ್ತಿದ್ದಳು, ರಾಗಿ ಕೊಯ್ಲಿನ ಸಮಯ’ ಎಂದರು.

ಕೊನೆಗೆ ಉಳಿಯುವುದು ಫೆಬ್ರವರಿ 29ರ ಪುಟ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29. 1900 ಅಧಿಕ ವರ್ಷವಲ್ಲ. ಹೀಗಾಗಿ ಅವರ ಮೊದಲ ಹುಟ್ಟುಹಬ್ಬ ಬಂದದ್ದು ಎಂಟು ವರ್ಷ ಕಳೆದು, 1904ರಲ್ಲಿ. ಅದೇ ದಿನ ಮದುರೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದರು, ಭರತನಾಟ್ಯಕ್ಕೆ ವೇದಿಕೆಯ ಗೌರವ ತಂದವರು. 1977ರಲ್ಲಿ ಪ್ರಧಾನಿಯಾಗಿದ್ದ ಮೊರಾರ್ಜಿ ಆಕೆಯನ್ನು ರಾಷ್ಟ್ರಪತಿ ಹುದ್ದೆಗೆ ನಿಲ್ಲುವಂತೆ ಕೇಳಿದರು, ಆಕೆ ಒಲ್ಲೆ ಎಂದರು. ಇಷ್ಟು ಹೇಳಲು ಎಂಟು ಸಾಲೂ ಬೇಕು. ಆ ಪುಟದಲ್ಲಿ ಬೇರೆ ಸಂಗತಿಗಳೂ ಪೆನ್ಸಿಲ್‌ನಲ್ಲಿ ಇವೆ, ಅವು ಅಲ್ಲೇ ಇರಲಿ. 2028ರ ಫೆಬ್ರವರಿ 29 ಮಂಗಳವಾರ, ಕಾರ್ಖಾನೆಗೆ ರಜೆಯಿಲ್ಲ.