ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನುವ ಕ್ರಮ

ಕಾವಲಿಯಿಂದ ಇಳಿದ ಮಸಾಲೆ ದೋಸೆ ಗರಿಗರಿಯಾಗಿ ಉಳಿಯುವುದು ಕೆಲವೇ ನಿಮಿಷ. ಹೊರಪದರ ತುಪ್ಪದಲ್ಲಿ ಬೆಂದು ಕೆಂಪಾಗಿ ಒಣಗಿರುತ್ತದೆ, ಒಳಗೆ ಹಬೆಯಾಡುವ ಮೆತ್ತನೆಯ ತಿರುಳೂ ಬಿಸಿ ಪಲ್ಯವೂ ಇರುತ್ತವೆ. ಒಳಗಿನ ತೇವ ಹೊರಪದರಕ್ಕೆ ಏರಿದೊಡನೆ ದೋಸೆ ಬಾಗತೊಡಗುತ್ತದೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನಕ್ಕೆ ಹೋಗುವವರು ಹೊರಡುವ ಹೊತ್ತು, ಜೊತೆಗೆ ಕರೆದೊಯ್ಯುವವರ ಸಂಖ್ಯೆ, ತಿಂಡಿ ಹೇಳುವ ಅನುಕ್ರಮ ಇವೆಲ್ಲವನ್ನೂ ಆ ಕೆಲವು ನಿಮಿಷಗಳಿಗೆ ಹೊಂದಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ದಿನವನ್ನು ನೋಡಿಕೊಳ್ಳಿ. ಶುಕ್ರವಾರ ಹೋಟೆಲಿಗೆ ರಜೆ. ಉಳಿದ ದಿನಗಳಲ್ಲೂ ಬೆಳಗಿನ ತಿಂಡಿ ಮುಗಿದ ಮೇಲೆ ಮಧ್ಯಾಹ್ನ ಕೆಲಹೊತ್ತು ಬಾಗಿಲು ಮುಚ್ಚಿರುತ್ತದೆ. ಶನಿವಾರ, ಭಾನುವಾರಗಳ ಬೆಳಿಗ್ಗೆ ಫುಟ್‌ಪಾತಿನ ಮೇಲೆಯೇ ಜನ ನೆರೆದಿರುತ್ತಾರಾದ್ದರಿಂದ, ಸಾಧ್ಯವಿದ್ದವರು ವಾರದ ನಡುವಿನ ಒಂದು ದಿನ ಬೆಳಿಗ್ಗೆ ಬೇಗ ಹೋಗುವುದು ಮೇಲು. ಹಸಿರು ಮಾರ್ಗದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹಸಿವನ್ನೂ ತಾಳ್ಮೆಯನ್ನೂ ಕಳೆದುಕೊಳ್ಳುವ ಅಗತ್ಯವಿಲ್ಲ.

ನೂಕುನುಗ್ಗಲಿನ ದಿನ ಬಾಗಿಲಲ್ಲಿ ನಿಮ್ಮ ಹೆಸರನ್ನೂ ಎಷ್ಟು ಜನ ಎಂಬುದನ್ನೂ ಬರೆಸಿ, ಕರೆದರೆ ಕೇಳಿಸುವಷ್ಟು ಹತ್ತಿರದಲ್ಲೇ ನಿಲ್ಲಬೇಕು. ಹೂವು, ಹಣ್ಣು, ಗ್ರಂಥಿಗೆ ಅಂಗಡಿಗಳು ಕೈಬೀಸಿ ಕರೆಯುತ್ತವೆ, ಆದರೆ ಆ ಸುತ್ತಾಟವನ್ನು ತಿಂಡಿಯ ನಂತರಕ್ಕೆ ಇಟ್ಟುಕೊಳ್ಳಿ. ಇಬ್ಬರು ಅಥವಾ ಮೂವರು ಹೋದರೆ ಬೇಗ ಜಾಗ ಸಿಗುತ್ತದೆ. ಎಂಟು ಹತ್ತು ಜನ ಒಟ್ಟಿಗೇ ಕೂರಬೇಕೆಂದು ಹಟ ಹಿಡಿಯುವುದಕ್ಕಿಂತ ಸಿಕ್ಕ ಸಿಕ್ಕ ಮೇಜುಗಳಲ್ಲಿ ಹಂಚಿಕೊಂಡು ಕೂರುವುದು ಜಾಣತನ. ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳುವುದು ಇಲ್ಲಿ ಸಹಜವಾದ ರೂಢಿ. ಎದುರಿಗಿದ್ದವರು ಊಟದ ತಟ್ಟೆಯಿಂದ ತಲೆ ಎತ್ತಿದಾಗ ಒಂದು ನಗೆ ಸಾಕು.

ಕುಳಿತ ತಕ್ಷಣವೇ ದೋಸೆ ಹೇಳಿಬಿಡಿ. ಮೆನು ನೋಡುತ್ತ ಕೂತರೆ ಒಂದು ಸರದಿ ಕೈತಪ್ಪುತ್ತದೆ, ಏಕೆಂದರೆ ಇಲ್ಲಿ ದೋಸೆಯನ್ನು ಒಂದೊಂದಾಗಿ ಹೊಯ್ಯುವುದಿಲ್ಲ. ದೊಡ್ಡ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಸಾಲುಸಾಲಾಗಿ ಹಿಟ್ಟು ಹೊಯ್ದು ಹರಡಿ, ಮೇಲೆ ತುಪ್ಪ ಬಿಟ್ಟು, ಅಷ್ಟೂ ದೋಸೆಗಳನ್ನು ಒಟ್ಟಿಗೇ ಕೆಂಪಗೆ ಬೇಯಿಸಿ ಎತ್ತುತ್ತಾರೆ. ನೀರು ಚಿಮುಕಿಸುವುದಕ್ಕೆ ಕಾರಣವಿದೆ: ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಸೌಟಿಗೇ ಅಂಟಿಕೊಂಡು ಹರಡದೆ ಮುದ್ದೆಯಾಗುತ್ತದೆ, ತಣಿಸಿದ ಮೇಲೆ ಸಲೀಸಾಗಿ ಹರಡುತ್ತದೆ. ಸರದಿ ಎದ್ದೊಡನೆ ಪಂಚೆಯುಟ್ಟ ಮಾಣಿಯೊಬ್ಬರು ತಟ್ಟೆಯ ಮೇಲೆ ತಟ್ಟೆಯಾಗಿ ದೋಸೆಗಳನ್ನು ಒಂದೇ ತೋಳಿನ ಮೇಲೆ ಮೊಣಕೈವರೆಗೂ ಪೇರಿಸಿಕೊಂಡು, ಇಕ್ಕಟ್ಟಾದ ಮೇಜುಗಳ ನಡುವೆ ಎಲ್ಲಿಯೂ ತಾಗಿಸದೆ ನಡೆದುಬರುತ್ತಾರೆ. ಅವರು ಬರುವ ದಾರಿಯಲ್ಲಿ ಕಾಲು ಚಾಚಬೇಡಿ, ಚೀಲ ಇಡಬೇಡಿ, ಫೋಟೊಕ್ಕಾಗಿ ಅಡ್ಡ ನಿಲ್ಲಬೇಡಿ. ವರ್ಷಗಳ ಅಭ್ಯಾಸದಿಂದ ಬಂದ ಆ ಕೌಶಲಕ್ಕೆ ನಾವು ಸಲ್ಲಿಸಬಹುದಾದ ಮರ್ಯಾದೆ ದಾರಿ ಬಿಡುವುದು.

ಸರದಿಗಾಗಿ ಕಾಯುವ ಹೊತ್ತಿನಲ್ಲಿ ಏನಾದರೂ ಬೇಕೆನಿಸಿದರೆ ರವೆ ವಡೆ ಹೇಳಬಹುದು; ಇಬ್ಬರ ನಡುವೆ ಒಂದು ಸಾಕು. ಖಾರಾಭಾತು, ಕೇಸರಿಭಾತು ಎರಡನ್ನೂ ಮೊದಲೇ ತಿಂದು ಹೊಟ್ಟೆ ತುಂಬಿಸಿಕೊಂಡವರಿಗೆ ದೋಸೆ ಬಂದಾಗ ಅದರ ಅರ್ಧವೂ ರುಚಿಸುವುದಿಲ್ಲ. ಸಿಹಿ ಬೇಕಾದವರು ಕೇಸರಿಭಾತನ್ನು ಕೊನೆಗೆ ತರಿಸಿಕೊಳ್ಳಲಿ.

ದೋಸೆ ಮೇಜಿಗೆ ಬಂದ ಮೇಲೆ ಮಾತು ನಿಲ್ಲಿಸಿ ತಿನ್ನಲು ತೊಡಗಬೇಕು; ಜೊತೆಗಿರುವವರ ತಟ್ಟೆ ಬರುವವರೆಗೆ ಕಾಯುವ ಸೌಜನ್ಯವನ್ನು ಇಲ್ಲಿ ಬದಿಗಿಡಬಹುದು. ಪೇಪರಿನಂತೆ ತೆಳ್ಳಗಿನ ದೋಸೆಯನ್ನು ನಿರೀಕ್ಷಿಸಿ ಬಂದವರಿಗೆ ಇದರ ದಪ್ಪ ಮೊದಲು ಅಚ್ಚರಿ ತರಬಹುದು. ಆ ದಪ್ಪವೇ ಇದರ ಗುಣ: ಹೊರಗೆ ಕರುಮ್ಮೆನ್ನುವ ಪದರ, ಅದರ ಕೆಳಗೆ ಹುದುಗು ಬಂದ ಹಿಟ್ಟಿನ ಸಣ್ಣ ಸಣ್ಣ ರಂಧ್ರಗಳಿರುವ ಮೆತ್ತನೆಯ ಪದರ, ನಡುವೆ ಆಲೂಗಡ್ಡೆ ಪಲ್ಯ. ಮೊದಲ ತುತ್ತನ್ನು ಅಂಚಿನಿಂದ ಮುರಿದು, ಚಟ್ನಿ ತಾಗಿಸದೆ ತಿಂದು ನೋಡಿ. ತುಪ್ಪದ ಘಮ, ಹಿಟ್ಟಿನ ಹದವಾದ ಹುಳಿ ಎರಡೂ ಆಗಲೇ ಸ್ಪಷ್ಟವಾಗಿ ತಿಳಿಯುತ್ತವೆ. ಅನಂತರ ಪಲ್ಯವಿರುವ ನಡುಭಾಗಕ್ಕೆ ಬನ್ನಿ. ಚಟ್ನಿ ಇಲ್ಲಿ ತೆಳ್ಳಗಿರುತ್ತದೆ, ಧಾರಾಳವಾಗಿ ಬಡಿಸುತ್ತಾರೆ. ಹಾಗೆಂದು ಅದನ್ನು ದೋಸೆಯ ಮೇಲೆ ಸುರಿದುಕೊಂಡರೆ ಅಡುಗೆಯವರು ಕಾವಲಿಯ ಮುಂದೆ ಬೆವರಿ ಗಳಿಸಿದ ಗರಿ ಕ್ಷಣದಲ್ಲಿ ಕರಗಿಹೋಗುತ್ತದೆ. ಬಟ್ಟಲಿನಲ್ಲಿಟ್ಟುಕೊಂಡು ತುತ್ತನ್ನೇ ಅದ್ದಿ ತಿನ್ನಬೇಕು. ಕೈಯಿಂದಲೇ ತಿನ್ನಿ, ಏಕೆಂದರೆ ಚಮಚ ಇಲ್ಲಿ ದೋಸೆಯನ್ನು ಮುರಿಯುವುದಿಲ್ಲ, ಜಜ್ಜುತ್ತದೆ.

ಎರಡನೆಯ ದೋಸೆ ಬೇಕಾಗುವುದೆಂಬ ಅಂದಾಜಿದ್ದರೆ ಮೊದಲನೆಯದು ಅರ್ಧವಿರುವಾಗಲೇ ಹೇಳಿಡಿ. ಮುಗಿದ ಮೇಲೆ ಹೇಳಿದರೆ ಮುಂದಿನ ಸರದಿ ಏಳುವವರೆಗೆ ಕೈ ಒಣಗಿಸಿಕೊಂಡು ಕೂರಬೇಕಾಗುತ್ತದೆ. ಕಾಫಿಯನ್ನು ಮಾತ್ರ ಕೊನೆಯ ತುತ್ತಿನ ಹೊತ್ತಿಗೆ ತರಿಸಿಕೊಳ್ಳಿ, ಮುಂಚೆಯೇ ಬಂದ ಕಾಫಿಗೆ ಕೆನೆಗಟ್ಟುತ್ತದೆ. ಪಾರ್ಸೆಲ್ ಒಯ್ಯುವುದನ್ನು ನಾನು ಯಾರಿಗೂ ಹೇಳಲಾರೆ: ಕಟ್ಟಿದ ಪೊಟ್ಟಣದೊಳಗೆ ಹಬೆಯೆಲ್ಲ ನೀರಾಗಿ ದೋಸೆಗೇ ಮರಳುತ್ತದೆ. ಮನೆಯಲ್ಲಿ ಓಡಾಡಲಾಗದ ಹಿರಿಯರಿಗಾಗಿ ಒಯ್ಯಲೇಬೇಕಾದರೆ ಪೊಟ್ಟಣವನ್ನು ಸ್ವಲ್ಪ ಬಿಚ್ಚಿಟ್ಟುಕೊಂಡೇ ಹೋಗಿ, ಮನೆಯ ಕಾವಲಿಯಲ್ಲಿ ಎಣ್ಣೆಯಿಲ್ಲದೆ ಮತ್ತೊಮ್ಮೆ ಬಿಸಿ ಮಾಡಿ ಬಡಿಸಿ.

ಕಾಫಿ ಮುಗಿದ ಮೇಲೆ ಬಿಲ್ಲು ತೀರಿಸಿ ಏಳುವುದು ಬಾಗಿಲಲ್ಲಿ ನಿಂತವರ ಹಕ್ಕಿನ ವಿಷಯ. ಹರಟೆಗೆ ಬಸವನಗುಡಿಯಲ್ಲಿ ಮರದ ನೆರಳಿಗೇನೂ ಕೊರತೆಯಿಲ್ಲ.

ಶುಕ್ರವಾರವೇ ಬಿಡುವು ಸಿಕ್ಕಿದವರು ಹತ್ತಿರದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಬಹುದು. 1965ರಲ್ಲಿ ಆರಂಭವಾದ ಅಲ್ಲಿ ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು, ಕಾಫಿ, ಟೀ ಇಷ್ಟಕ್ಕೇ ಗಮನ. ದೋಸೆಯೂ ಇಲ್ಲ, ಸಾಂಬಾರೂ ಇಲ್ಲ. ದೋಸೆಗೆ ಹೇಳಿದ ಎಚ್ಚರ ಅಲ್ಲಿ ತಲೆಕೆಳಗಾಗುತ್ತದೆ: ಇಡ್ಲಿ ಚಟ್ನಿಯಲ್ಲಿ ಚೆನ್ನಾಗಿ ನೆನೆಯಬೇಕು, ಆದ್ದರಿಂದ ನಿಂತುಕೊಂಡೇ ತಿನ್ನುತ್ತ, ಚಟ್ನಿ ಮುಗಿದಾಗ ಸಂಕೋಚಪಡದೆ ತಟ್ಟೆ ಹಿಡಿದುಕೊಂಡು ಹೋಗಿ ಮತ್ತೆ ಹಾಕಿಸಿಕೊಳ್ಳಿ.