ಪ್ರೊಸೆಸ್ ಐಡಿಗೆ 16 ಬಿಟ್ ಸಾಕು ಅಂದುಕೊಂಡಿದ್ದೆ

ಬಾಗಲಕೋಟೆ ನವನಗರದ ಮನೆಯಲ್ಲಿ ಕೂತು ಎರಡು ವರ್ಷದಿಂದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಒಂದೆರಡು ತಾಸು, ಸಿ ಭಾಷೆಯಲ್ಲಿ.

ಶುರುವಿನಲ್ಲಿ ಪ್ರೊಸೆಸ್ ಐಡಿಗೆ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೆ ಸಿಸ್ಟಮ್ ಕೊಡುವ ನಂಬರಿಗೆ, 16 ಬಿಟ್ ಕೊಟ್ಟೆ. ಪ್ರೊಸೆಸ್‌ಗಳ ವಿವರ ಇಡುವ ನನ್ನ ಟೇಬಲ್‌ನಲ್ಲಿ ಇದ್ದದ್ದೇ 256 ಜಾಗ. 16 ಬಿಟ್‌ನಲ್ಲಿ 65,536 ನಂಬರ್ ಇರುವಾಗ ಇನ್ನೇನು ಬೇಕು? ಲಿನಕ್ಸ್‌ನಲ್ಲೇ ಎಷ್ಟೋ ವರ್ಷ ಡೀಫಾಲ್ಟ್ ಮಿತಿ 32,768 ಇತ್ತಲ್ವಾ ಅಂತ ಧೈರ್ಯ.

ಒಂದು ರಾತ್ರಿ ಸೆಕೆಂಡಿಗೆ 10 ಪ್ರೊಸೆಸ್ ಹುಟ್ಟಿಸುವ ಟೆಸ್ಟ್ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಲಾಗ್ 2 ಗಂಟೆ 10 ನಿಮಿಷಕ್ಕೇ ನಿಂತಿತ್ತು. ಲಾಗ್ ಬರೆಯುವ ಪ್ರೊಸೆಸ್, ಅಂದರೆ ಲಾಗರ್, ಕ್ರ್ಯಾಶ್ ಆಗಿರಲಿಲ್ಲ. ನನ್ನದೇ ಮೇಲ್ವಿಚಾರಕ ಪ್ರೋಗ್ರಾಂ ಅದನ್ನು ಕಿಲ್ ಮಾಡಿತ್ತು. ಎರಡು ಗಂಟೆಗಿಂತ ಹಳೆಯ ಮಕ್ಕಳನ್ನು (ಟೆಸ್ಟ್ ಹುಟ್ಟಿಸಿದ ಪ್ರೊಸೆಸ್‌ಗಳನ್ನು) ಮುಗಿಸುವುದು ಅದರ ಕೆಲಸ. 6,470 ನಂಬರಿನ ಮಗು ಯಾವಾಗಲೋ ಸತ್ತಿತ್ತು, ಆದರೆ ನಂಬರ್ ಮೇಲ್ವಿಚಾರಕನ ಪಟ್ಟಿಯಲ್ಲೇ ಉಳಿದಿತ್ತು. 1 ಗಂಟೆ 49 ನಿಮಿಷಕ್ಕೆ ನಂಬರ್‌ಗಳು ಖಾಲಿಯಾಗಿ ಮತ್ತೆ ಮೊದಲಿನಿಂದ ಶುರುವಾದವು. ಗಂಟೆಗೊಮ್ಮೆ ಹೊಸದಾಗಿ ಹುಟ್ಟುವ ಲಾಗರ್‌ಗೆ ಅದೇ 6,470 ಸಿಕ್ಕಿತು. ಹಳೆ ಮಗುವಿಗೆ ಎರಡು ಗಂಟೆ ಆಯಿತು ಅಂತ ಮೇಲ್ವಿಚಾರಕ ಆ ನಂಬರನ್ನು ಕಿಲ್ ಮಾಡಿದಾಗ ಸತ್ತದ್ದು ಲಾಗರ್. ಪಟ್ಟಿ ಸರಿ ಮಾಡಿದರೆ ಈ ಒಂದು ತಪ್ಪು ಹೋಗುತ್ತದೆ, ನಿಜ. ಆದರೆ ಹಳೆಯ ನಂಬರ್ ಇಟ್ಟುಕೊಂಡವರಿಗೆಲ್ಲ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸುಮ್ನೆ ಬೇರೆಯವರನ್ನು ತೋರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ಸಲಕ್ಕೆ ಎಷ್ಟು ಪ್ರೊಸೆಸ್ ಇರುತ್ತವೆ ಅಂತ ಮಾತ್ರ ಲೆಕ್ಕ ಹಾಕಿದ್ದೆ. ಒಟ್ಟು ಎಷ್ಟು ಹುಟ್ಟುತ್ತವೆ ಅಂತ ಕೇಳಿಕೊಂಡೇ ಇರಲಿಲ್ಲ.

ದಾರಿ ಹೊಳೆದದ್ದು ನಮ್ಮ ವಿಳಾಸದಿಂದ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿ ಕಟ್ಟಿದ ಊರು ಇದು, ಸೆಕ್ಟರ್ ಮತ್ತು ಪ್ಲಾಟ್ ನಂಬರ್ ಹೇಳಿದರೆ ಮನೆ ಸಿಗುತ್ತದೆ. ಪಕ್ಕದ ಮನೆಗೆ ಹಳೆ ಬಾಡಿಗೆದಾರರ ಪತ್ರ ಬಂದಾಗ ಪೋಸ್ಟ್‌ಮ್ಯಾನ್ ಪ್ಲಾಟ್ ನಂಬರ್ ಸರಿ ಇದ್ದರೂ ಹೆಸರು ನೋಡಿ ವಾಪಸ್ ಒಯ್ದರು.

ಈಗ ಐಡಿ 64 ಬಿಟ್. ಕೆಳಗಿನ 16 ಬಿಟ್ ಟೇಬಲ್‌ನಲ್ಲಿನ ಜಾಗ, ಅಂದರೆ ಪ್ಲಾಟ್. ಮೇಲಿನ 48 ಬಿಟ್ ಆ ಜಾಗಕ್ಕೆ ಎಷ್ಟನೇ ಬಾಡಿಗೆದಾರ ಅನ್ನುವ ಎಣಿಕೆ. ಹುಡುಕಾಟವೇ ಇಲ್ಲ: ನೇರ ಜಾಗಕ್ಕೆ ಹೋಗು, ಎಣಿಕೆ ಹೊಂದದಿದ್ದರೆ 'ಅಂಥ ಪ್ರೊಸೆಸ್ ಇಲ್ಲ' ಅನ್ನು. ಒಂದೇ ಜಾಗದಲ್ಲಿ ಸೆಕೆಂಡಿಗೆ ಸಾವಿರ ಹುಟ್ಟಿ ಸತ್ತರೂ ಎಣಿಕೆ ಮುಗಿಯಲು ಸುಮಾರು 8,900 ವರ್ಷ ಬೇಕು.

ಮೆಮೊರಿ ಜಾಸ್ತಿ ತಿನ್ನುತ್ತದೆ ಅಂತ ಹೆದರಿದ್ದೆ. ಒಂದು ಪ್ರೊಸೆಸ್‌ನ ವಿವರಗಳನ್ನು ಒಟ್ಟಿಗೆ ಇಡುವ ಸ್ಟ್ರಕ್ಟ್ ತೆರೆದು ನೋಡಿದೆ. 16 ಬಿಟ್ (2 ಬೈಟ್) ಐಡಿಯ ನಂತರವೇ 8 ಬೈಟಿನ ಪಾಯಿಂಟರ್ (ಮೆಮೊರಿ ವಿಳಾಸ) ಇತ್ತು, ಅದು 8ರ ಗಡಿಯಲ್ಲಿ ಶುರುವಾಗಲಿ ಅಂತ ನಡುವೆ ಕಂಪೈಲರ್ 6 ಬೈಟ್ ಖಾಲಿ ಬಿಟ್ಟಿತ್ತು. ನಾನು ಉಳಿಸಿದ್ದು ಸೊನ್ನೆ.

ಯೂಸರ್ ಐಡಿಗೆ 32 ಬಿಟ್ ಇಟ್ಟೆ. ಬಳಕೆದಾರರು ಸೆಕೆಂಡಿಗೆ ಹತ್ತರಂತೆ ಹುಟ್ಟುವುದಿಲ್ಲ, ಮತ್ತು ಅದು ಡಿಸ್ಕ್‌ನಲ್ಲಿ ಪ್ರತಿ ಫೈಲ್ ಜೊತೆ ಕೂರುತ್ತದೆ. ಲಿನಕ್ಸ್ ಕೂಡ 2.4 ಆವೃತ್ತಿಯಲ್ಲಿ 16ರಿಂದ 32ಕ್ಕೆ ಬಂತು. ಫೈಲ್ ನಂಬರ್ ಮಾತ್ರ ಮೊದಲ ದಿನವೇ 64 ಮಾಡಿದೆ. ಡಿಸ್ಕ್ ಮೇಲೆ ಒಮ್ಮೆ ಬರೆದದ್ದನ್ನು ಆಮೇಲೆ ಅಗಲ ಮಾಡುವುದು ಬಹಳ ಕಷ್ಟ.

ಮೇಲ್ವಿಚಾರಕನ ತಪ್ಪನ್ನು ಬೇಕಂತಲೇ ಹಾಗೇ ಬಿಟ್ಟು ಅದೇ ಟೆಸ್ಟ್ ಮೂರು ರಾತ್ರಿ ಓಡಿಸಿದೆ. ಲಾಗ್ ತುಂಬ 'ಅಂಥ ಪ್ರೊಸೆಸ್ ಇಲ್ಲ' ಅನ್ನುವ ಸಾಲುಗಳು. ಬರೆಯುತ್ತಿದ್ದ ಲಾಗರ್ ಬೆಳಗಿನವರೆಗೂ ಬದುಕಿತ್ತು.