ಪ್ರೊಜೆಕ್ಟರ್ ತಗೊಂಡಿದ್ದು ಒಂದೇ ದಿನ, ಕತ್ತಲೆ ಮಾಡೋಕೆ ಎರಡು ವರ್ಷ

ನಮ್ಮದು ಸಾಗರದ ಹತ್ರ ಒಂದು ಹಳ್ಳಿ. ಹಳೇ ಮನೆ ಹೆಂಚಿಂದು, ಅದರ ಪಕ್ಕಕ್ಕೆ ತಾರಸಿ ಹಾಕಿ ಮೇಲೆ ಒಂದು ರೂಮ್ ಕಟ್ಸಿದ್ವಿ, 14 ಅಡಿ ಉದ್ದ 11 ಅಡಿ ಅಗಲ. ನೆಂಟರು ಬಂದ್ರೆ ಮಲಗೋಕೆ ಅಂತ ಕಟ್ಸಿದ್ದು, ಆದ್ರೆ ನೆಂಟರು ಬರೋದು ವರ್ಷಕ್ಕೆ ಎರಡು ಸಲ, ಉಳಿದ ದಿನ ಅಡಿಕೆ ಚೀಲ ಇಡೋ ಜಾಗ ಆಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಅಲ್ಲೊಂದು ಥಿಯೇಟರ್ ಮಾಡೋಣ ಅಂತ ತಲೆಗೆ ಹುಳ ಬಿಟ್ಕೊಂಡೆ.

ಮೊದಲನೇ ಪ್ರೊಜೆಕ್ಟರ್ ಆನ್‌ಲೈನ್‌ನಲ್ಲಿ ತರಿಸಿದ್ದು, 9,500 ರೂಪಾಯಿ. ಡಬ್ಬದ ಮೇಲೆ 9000 ಲ್ಯೂಮೆನ್ಸ್ (ಬೆಳಕಿನ ಅಳತೆ), 4ಕೆ ಸಪೋರ್ಟ್, ಆಂಡ್ರಾಯ್ಡ್ ಅಂತೆಲ್ಲ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಸಪೋರ್ಟ್ ಅನ್ನೋ ಪದದಲ್ಲೇ ಮೋಸ ಇರೋದು, 4ಕೆ ವಿಡಿಯೋ ಕೊಟ್ರೆ ಒಳಗೆ ತಗೊಳತ್ತೆ, ಗೋಡೆ ಮೇಲೆ ಬಿಡೋದು ಮಾತ್ರ 1280 × 720. ನೋಡ್ಬೇಕಾಗಿದ್ದು ನೇಟಿವ್ ರೆಸಲ್ಯೂಷನ್, ಅಂದ್ರೆ ಅದು ನಿಜವಾಗಿ ಬಿಡೋ ಚುಕ್ಕೆಗಳ ಲೆಕ್ಕ ಅಂತ ನನಗೆ ಆಗ ಗೊತ್ತಿರಲಿಲ್ಲ. ನೆಟ್‌ಫ್ಲಿಕ್ಸ್ ಕೂಡ ಅದರಲ್ಲಿ ಓಡ್ಲಿಲ್ಲ, ಅಂಥ ಅಗ್ಗದ ಆಂಡ್ರಾಯ್ಡ್ ಪ್ರೊಜೆಕ್ಟರ್‌ಗಳಿಗೆ ಆಗ ಅವರ ಲೈಸೆನ್ಸ್ ಇರ್ತಿರಲಿಲ್ಲ, ಕೊನೆಗೆ ಟೀವಿಗೆ ಚುಚ್ಚೋ ಸ್ಟ್ರೀಮಿಂಗ್ ಸ್ಟಿಕ್ ಬೇರೆ ಹಾಕ್ಲೇಬೇಕಾಯ್ತು. ಆ 9000 ಲ್ಯೂಮೆನ್ಸ್‌ನಲ್ಲಿ ಮಧ್ಯಾಹ್ನ ಕಿಟಕಿ ಮುಚ್ಚಿ ಹಾಕಿದ್ರೂ ಹೀರೋ ಯಾರು ಅಂತ ಗುರ್ತು ಹಿಡಿಯೋಕೆ ಕಷ್ಟ. ನಾಲ್ಕು ತಿಂಗಳಿಗೆ ಒಳಗೆ ಧೂಳು ಹೋಗಿ ಚಿತ್ರದ ನಡುವೆ ಕಾಸಗಲ ಕಲೆ ಬಂತು, ಬಿಚ್ಚಿ ಒರೆಸಿದ್ದಕ್ಕೆ ಇನ್ನೂ ಎರಡು ಬಂದ್ವು.

ಆಮೇಲೆ ಓದ್ಕೊಂಡಿದ್ದು. ಲ್ಯೂಮೆನ್ ಅಂತ ಸುಮ್ನೆ ಬರೆದಿದ್ರೆ ನಂಬೋ ಹಾಗಿಲ್ಲ, ಆನ್ಸಿ ಲ್ಯೂಮೆನ್ ಅಂತಲೋ ಐಎಸ್‌ಒ ಲ್ಯೂಮೆನ್ ಅಂತಲೋ ಇರ್ಬೇಕು. ಆನ್ಸಿ ಅಂದ್ರೆ ಪರದೆಯನ್ನ ಒಂಬತ್ತು ಭಾಗ ಮಾಡಿ ಒಂಬತ್ತು ಕಡೆನೂ ಬೆಳಕು ಅಳೆದು ಸರಾಸರಿ ತೆಗೆಯೋದು, ನಡುವೆ ಒಂದೇ ಕಡೆ ಅಳೆದು ಬೀಗೋ ಹಾಗಿಲ್ಲ. ಇನ್ನೊಂದು ಲೆಕ್ಕ ನನ್ನ ಕಣ್ಣು ತೆರೆಸ್ತು. ಡಿಜಿಟಲ್ ಸಿನಿಮಾ ಥಿಯೇಟರ್‌ನಲ್ಲಿ ಪರದೆ ಮೇಲಿನ ಬಿಳಿ ಬಣ್ಣಕ್ಕೆ 14 ಫುಟ್-ಲ್ಯಾಂಬರ್ಟ್ ಅಂತ ಅಳತೆ ಇದೆ. ಮೂಲೆಯಿಂದ ಮೂಲೆಗೆ 100 ಇಂಚಿನ ಪರದೆ ಅಂದ್ರೆ 87 ಇಂಚು ಅಗಲ, 49 ಇಂಚು ಎತ್ತರ, ಹತ್ತಿರ ಹತ್ತಿರ 30 ಚದರ ಅಡಿ. ಸಾದಾ ಬಿಳಿ ಪರದೆಗೆ ಒಂದು ಚದರ ಅಡಿಗೆ ಒಂದು ಲ್ಯೂಮೆನ್ ಬಿದ್ರೆ ಒಂದು ಫುಟ್-ಲ್ಯಾಂಬರ್ಟ್, ಹಾಗಾಗಿ 14 × 30, ಅಂದ್ರೆ 420. ಇಷ್ಟೇ! ಪೂರ್ತಿ ಕತ್ತಲೆ ರೂಮಲ್ಲಿ 420 ನಿಜವಾದ ಲ್ಯೂಮೆನ್ ಇದ್ರೆ ಥಿಯೇಟರ್‌ನಷ್ಟೇ ಬೆಳಕು. ನಾನು 9000ದ ಹಿಂದೆ ಓಡ್ತಿದ್ದೆ, ನಿಜವಾಗಿ ಬೇಕಾಗಿದ್ದು ಕತ್ತಲೆ. ಹಾಗಂತ 500 ಲ್ಯೂಮೆನ್ನಿನದ್ದು ತಗೋಬೇಡಿ, ಬಣ್ಣ ಸರಿ ಇರೋ ಸಿನಿಮಾ ಮೋಡ್‌ಗೆ ಹಾಕಿದ ತಕ್ಷಣ ಬೆಳಕು ಸುಮಾರು ಇಳಿಯತ್ತೆ, ಕರೆಂಟ್ ಉಳಿಸೋ ಇಕೋ ಮೋಡ್‌ನಲ್ಲಿ ಇನ್ನೂ ಇಳಿಯತ್ತೆ, ಲ್ಯಾಂಪ್ ಹಳೇದಾದಂತೆ ಮತ್ತೂ ಇಳಿಯತ್ತೆ.

ಎರಡನೇದು 2022ರಲ್ಲಿ. ಶಿವಮೊಗ್ಗದಲ್ಲಿ ಗೆಳೆಯನ ಮನೇಲಿ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್ ಇರೋ) ಪ್ರೊಜೆಕ್ಟರ್ ಇತ್ತು, ಚಿತ್ರ ಚೂರಿ ಹಾಗೆ ಶಾರ್ಪ್, ಅದೇ ಫಿಕ್ಸ್ ಅಂದ್ಕೊಂಡು ಹೆಂಡತಿನೂ ಕರ್ಕೊಂಡು ಹೋಗಿದ್ದೆ. ಹತ್ತು ನಿಮಿಷಕ್ಕೆ ಅವಳು "ರೀ, ಈ ಬಿಳಿ ಅಕ್ಷರದ ಪಕ್ಕ ಕೆಂಪು ಹಸಿರು ಮಿಂಚ್ತಾ ಇದೆ ಅಲ್ವಾ?" ಅಂದ್ಲು. ನನಗೂ ಕಾಣಲ್ಲ, ಗೆಳೆಯನಿಗೂ ಕಾಣಲ್ಲ. ಇದಕ್ಕೆ ರೇನ್‌ಬೋ ಎಫೆಕ್ಟ್ ಅಂತಾರೆ. ಒಂದೇ ಚಿಪ್ ಇರೋ ಡಿಎಲ್‌ಪಿಯಲ್ಲಿ ಬಣ್ಣದ ಚಕ್ರ ತಿರುಗ್ತಾ ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಬರತ್ತೆ, ನಮ್ಮ ಕಣ್ಣು ಅದನ್ನ ಸೇರಿಸ್ಕೊಳತ್ತೆ, ಕೆಲವರ ಕಣ್ಣು ಸೇರಿಸ್ಕೊಳಲ್ಲ, ಅಷ್ಟೇ. ಮೂರು ಪ್ಯಾನೆಲ್ ಇರೋ 3ಎಲ್‌ಸಿಡಿಯಲ್ಲಿ ಮೂರೂ ಬಣ್ಣ ಒಟ್ಟಿಗೇ ಬೀಳೋದ್ರಿಂದ ಈ ತೊಂದ್ರೆ ಇಲ್ಲ, ಆದ್ರೆ ಕಪ್ಪು ಸ್ವಲ್ಪ ಬೂದಿ ಬಣ್ಣ, ಧೂಳಿನ ಕಾಟ ಜಾಸ್ತಿ, ಫಿಲ್ಟರ್ ಕ್ಲೀನ್ ಮಾಡ್ತಾ ಇರ್ಬೇಕು. ನಾವು 3ಎಲ್‌ಸಿಡಿ 1080ಪಿ ತಗೊಂಡ್ವಿ, 60 ಸಾವಿರದ ಆಸುಪಾಸು. ಮಾಡೆಲ್ ಹೇಳಲ್ಲ, ಈಗ ಅದು ಸಿಗೋದೂ ಇಲ್ಲ. ಮನೆಯವರೆಲ್ಲ ಒಂದು ಪೂರ್ತಿ ಸಿನಿಮಾ ಕೂತು ನೋಡದೆ ಡಿಎಲ್‌ಪಿಗೆ ದುಡ್ಡು ಕೊಡ್ಬೇಡಿ, ನಾನು ಇಷ್ಟೇ ಹೇಳೋದು.

ಇನ್ನು ನೇತು ಹಾಕೋ ಕಥೆ. ಚಿತ್ರದ ಅಗಲದ ಎಷ್ಟು ಪಟ್ಟು ದೂರ ಪ್ರೊಜೆಕ್ಟರ್ ಇಡ್ಬೇಕು ಅನ್ನೋದು ಥ್ರೋ ರೇಷಿಯೋ. ನಮ್ಮದರದ್ದು 1.3ರಿಂದ ಶುರು, ಅಂದ್ರೆ 87 ಇಂಚು ಅಗಲದ ಚಿತ್ರಕ್ಕೆ 113 ಇಂಚು ದೂರ, ಒಂಬತ್ತೂವರೆ ಅಡಿ. ಗೋಡೆಯಿಂದ ಹತ್ತಡಿಗೆ ಗುರುತು ಹಾಕಿ ಎಲೆಕ್ಟ್ರಿಷಿಯನ್ ಹುಡುಗನ ಕೈಲಿ ಸ್ಲ್ಯಾಬ್‌ಗೆ ತೂತು ಹೊಡೆಸಿ ಚಿಕ್ಕ ಬ್ರಾಕೆಟ್‌ನಲ್ಲಿ ಮೇಲಕ್ಕೆ ಒತ್ತಿ ಫಿಟ್ ಮಾಡಿದ್ವಿ, ಆನ್ ಮಾಡಿದ್ವಿ, ಸೂಪರ್. ಸೆಕೆ ಅಂತ ಫ್ಯಾನ್ ಹಾಕಿದ್ರೆ ಚಿತ್ರದ ಮೇಲರ್ಧ ಪಟಪಟ ಅಂತ ಮಿಣುಕೋಕೆ ಶುರು! ರೂಮಿನ ನಡುವೆ ಫ್ಯಾನು, ಅದರ ಹಿಂದೆ ಪ್ರೊಜೆಕ್ಟರು, ಬೆಳಕು ಸರಿಯಾಗಿ ರೆಕ್ಕೆ ಮೂಲಕವೇ ಹೋಗ್ತಾ ಇದೆ. ಎಲ್ಲ ಲೆಕ್ಕ ಮಾಡಿದ್ದೆ, ಫ್ಯಾನ್ ಒಂದು ಬಿಟ್ಟು. ಆ ಹುಡುಗ "ಅಣ್ಣಾ, ಫ್ಯಾನ್ ತೆಗ್ದು ಬಿಡೋಣ" ಅಂದ, ಏಪ್ರಿಲ್ ತಿಂಗಳಲ್ಲಿ. ಆಮೇಲೆ ಎರಡಡಿ ಪೈಪ್ ಹಾಕಿ ಕೆಳಕ್ಕೆ ಇಳಿಸಿದ್ವಿ. ಪೈಪ್ ತೆಳ್ಳಗಿದ್ರೆ ಫ್ಯಾನ್ ಗಾಳಿಗೆ ಚಿತ್ರ ನಡುಗತ್ತೆ, ಅದೂ ಆಯ್ತು, ದಪ್ಪ ಪೈಪ್ ಹಾಕಿದ ಮೇಲೆ ನಿಂತ್ಕೊಂತು. ಓರೆ ಇಟ್ಟು ಕೀಸ್ಟೋನ್‌ನಲ್ಲಿ ಸರಿ ಮಾಡ್ಕೊಂಡ್ರಾಯ್ತು ಅಂತ ಅಂಗಡಿಯವ್ರು ಹೇಳ್ತಾರೆ, ಬೇಡ. ಕೀಸ್ಟೋನ್ ಅಂದ್ರೆ ಚಿತ್ರನ ಒಳಗೇ ಹಿಂಡಿ ಕುಗ್ಗಿಸೋದು, ದುಡ್ಡು ಕೊಟ್ಟ ಪಿಕ್ಸೆಲ್ ಸುಮ್ನೆ ಕಪ್ಪಾಗಿ ಕೂತಿರತ್ತೆ. ನೇರಕ್ಕೆ ಇಟ್ಟು ಕೀಸ್ಟೋನ್ ಸೊನ್ನೆಯಲ್ಲಿರ್ಲಿ.

ಮನೆ ಕಟ್ತಾ ಇರೋರಿಗೆ ಇನ್ನೊಂದು ಮಾತು, ಪ್ರೊಜೆಕ್ಟರ್‌ಗೆ ಚಿತ್ರ ತರೋ ಎಚ್‌ಡಿಎಂಐ ಕೇಬಲ್‌ಗೆ ಮುಕ್ಕಾಲು ಇಂಚು ಪೈಪ್ ಹಾಕಿಸ್ಬೇಡಿ, ಅದರ ತಲೆ ತೂರಲ್ಲ. ಒಂದೂವರೆ ಇಂಚು ಹಾಕ್ಸಿ. ನಮ್ಮದು ಈಗಲೂ ಗೋಡೆ ಮೇಲೇ ಕೇಸಿಂಗ್ ಪಟ್ಟಿಯಲ್ಲಿ ಓಡ್ತಾ ಇದೆ.

ಪರದೆಗೆ ಮೊದಲು ಬಿಳಿ ಪಂಚೆ ಕಟ್ಟಿದ್ದೆ, ಬೆಳಕು ಅದನ್ನ ದಾಟಿ ಹಿಂದಿನ ಗೋಡೆಗೂ ಬಿದ್ದು ಚಿತ್ರ ಮಸುಕು. ರೆಡಿಮೇಡ್ ಪರದೆ ರೇಟ್ ಕೇಳಿ ಸುಮ್ನಾದೆ. ಕೊನೆಗೆ ಗೋಡೆಗೆ ಎರಡು ಕೈ ಪುಟ್ಟಿ ಎಳ್ಸಿ, ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಹೊಳಪಿಲ್ಲದ ಬಿಳಿ ಎಮಲ್ಷನ್ ರೋಲರ್‌ನಲ್ಲಿ ಹೊಡ್ಸಿದೆ. ಕೂಲಿ ಸೇರಿ ಎರಡು ಸಾವಿರ ಆಗಿರ್ಬಹುದು. ಇವತ್ತಿಗೂ ಅದೇ ಗೋಡೆ, ಬದಲಾಯಿಸ್ಬೇಕು ಅಂತ ಅನ್ಸಿಲ್ಲ.

ಆದ್ರೂ ರಾತ್ರಿ ಸೀನ್ ಬಂದ್ರೆ ಎಲ್ಲ ಬೂದಿ ಬೂದಿ. ರಾತ್ರಿ ಹತ್ತು ಗಂಟೆ, ಹೊರಗೆ ತೋಟ, ಬೀದಿ ದೀಪನೂ ಇಲ್ಲ, ಎಲ್ಲಿಂದ ಬರತ್ತೆ ಬೆಳಕು ಅಂತ ತುಂಬಾ ದಿನ ತಲೆ ಕೆಡಿಸ್ಕೊಂಡೆ. ಪ್ರೊಜೆಕ್ಟರ್‌ನದ್ದೇ ಬೆಳಕು ಅದು. ಪರದೆಗೆ ಬಿದ್ದು, ಅಲ್ಲಿಂದ ಬಿಳಿ ತಾರಸಿಗೆ, ಪಕ್ಕದ ಕೆನೆ ಬಣ್ಣದ ಗೋಡೆಗಳಿಗೆ ಹೋಗಿ ತಿರುಗಿ ಪರದೆಗೇ ಬೀಳತ್ತೆ. ಪ್ರೊಜೆಕ್ಟರ್ ಕಪ್ಪು ಬಣ್ಣ ಬಿಡೋಕಾಗಲ್ಲ ನೋಡಿ, ಬೆಳಕು ಬೀಳದ ಗೋಡೆನೇ ಅದಕ್ಕೆ ಕಪ್ಪು. ಸುತ್ತ ಬಿಳಿ ಇದ್ರೆ ಕಪ್ಪು ಎಲ್ಲಿಂದ ಬರ್ಬೇಕು? ಎಲ್ಲ ಕಡೆ ಕಡು ಬೂದಿ ಬಣ್ಣ ಹೊಡ್ಸೋಣ ಅಂದೆ. "ಇರೋ ಮನೆಗೆ ಕರಿ ಬಳಿತೀಯೇನೋ, ನಾನಿರೋವರೆಗೂ ಆಗಲ್ಲ" ಅಂತ ಅಮ್ಮ ಒಂದೇ ಮಾತಲ್ಲಿ ಮುಗ್ಸಿದ್ರು. ರಾಜಿ ಆಗಿದ್ದು ಹೀಗೆ, ಪರದೆ ಪಕ್ಕದ ಎರಡೂ ಗೋಡೆಗೆ ಎಳೆಯೋಕೆ ಬರೋ ಹಾಗೆ ಕಡು ನೀಲಿ ದಪ್ಪ ಕರ್ಟನ್, ತಾರಸಿಗೆ ಮುಂದಿನ ಆರಡಿ ಮಾತ್ರ ಕಡು ಕೆಂಪು ಬಟ್ಟೆ. ಬಟ್ಟೆ, ರಾಡು, ಹೊಲಿಗೆ ಎಲ್ಲ ಸೇರಿ ಏಳು ಸಾವಿರ. ಅವತ್ತು ರಾತ್ರಿ ಹಾಕಿ ನೋಡಿದ್ರೆ ಹೊಸ ಪ್ರೊಜೆಕ್ಟರ್ ತಗೊಂಡ ಹಾಗಿತ್ತು, ಸುಳ್ಳಲ್ಲ. ಮೊದಲೇ ಇದನ್ನ ಮಾಡಿದ್ರೆ ಎರಡು ವರ್ಷ ಸೆಟ್ಟಿಂಗ್ಸ್ ತಿರುಚೋದು ಉಳೀತಿತ್ತು.

ಹಗಲಿನ ವಿಷಯ ಮಾತ್ರ ಏನು ಮಾಡಿದ್ರೂ ಅಷ್ಟೇ. 2023ರ ನವೆಂಬರ್ 19, ವರ್ಲ್ಡ್ ಕಪ್ ಫೈನಲ್, ಮಧ್ಯಾಹ್ನ ಎರಡಕ್ಕೆ ಶುರು. ಅಕ್ಕಪಕ್ಕದ ಮನೆಯವ್ರೆಲ್ಲ ಸೇರಿ ಇಪ್ಪತ್ತು ಜನ ಮೇಲೆ, ಸೆಕೆಗೆ ಯಾರೋ ಕಿಟಕಿ ತೆಗೆದ್ರು, ಇನ್ಯಾರೋ ಬಾಗಿಲು, ಚೆಂಡು ಹೋಗ್ಲಿ ಬೌಲರ್ರೇ ಕಾಣ್ತಿಲ್ಲ. ಎಲ್ರೂ ಇಳಿದು ಕೆಳಗಿನ 32 ಇಂಚಿನ ಟೀವಿ ಮುಂದೆ ಕೂತ್ರು, ನಮ್ಮ ರಾಹುಲ್ ಹೊಡೆದ 66 ರನ್ ಅಲ್ಲೇ ನೋಡಿದ್ದು. ಕತ್ತಲಾದ ಮೇಲೆ ಮತ್ತೆ ಮೇಲೆ ಬಂದ್ವಿ, 100 ಇಂಚಿನಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಂಡಿದ್ದು ಟ್ರಾವಿಸ್ ಹೆಡ್‌ನ 137. ಪಕ್ಕದ ಮನೆ ಅಜ್ಜ ಇವತ್ತಿಗೂ ನನ್ನ ಮುಖ ಕಂಡ್ರೆ ಅದನ್ನ ನೆನಪಿಸ್ತಾರೆ.

ಮಲೆನಾಡಲ್ಲಿರೋರಿಗೆ ಕರೆಂಟಿನದ್ದು ಬೇರೆ ಪುರಾಣ. ಲ್ಯಾಂಪ್ ಪ್ರೊಜೆಕ್ಟರ್ ಬಿಸಿ ಇರೋವಾಗ ಕರೆಂಟ್ ಹೋದ್ರೆ ಒಳಗಿನ ಫ್ಯಾನೂ ನಿಲ್ಲತ್ತೆ, ಕರೆಂಟ್ ಬಂದ್ರೂ ಲ್ಯಾಂಪ್ ತಣ್ಣಗಾಗೋವರೆಗೂ ಹತ್ತಲ್ಲ. ಇನ್ವರ್ಟರ್ ಇತ್ತು, ಆದ್ರೂ ಅದು ಬದಲಾಗೋ ಅರೆ ಗಳಿಗೆಗೇ ಆಫ್ ಆಗ್ತಿತ್ತು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರತ್ತೆ ಅಂತ ಆರು ತಿಂಗಳಾದ ಮೇಲೆ ಗೊತ್ತಾಯ್ತು, ಅದನ್ನ ಹಾಕಿದ ಮೇಲೆ ಸರಿ ಹೋಯ್ತು. ಆದ್ರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದ್ರೂ ಬ್ಯಾಟರಿಗೆ ಹೋಗಿಬಿಡತ್ತೆ, ನಮ್ಮಲ್ಲಿ ವೋಲ್ಟೇಜ್ ಯಾವಾಗ ಸರಿ ಇರತ್ತೆ ಹೇಳಿ, ಹಾಗಾಗಿ ಸಿನಿಮಾ ಹಾಕೋವಾಗ ಮಾತ್ರ ಯುಪಿಎಸ್ ಮೋಡ್. ಪ್ರೊಜೆಕ್ಟರ್ ಎಳೆಯೋದು ಸುಮಾರು 300 ವ್ಯಾಟ್.

ಲ್ಯಾಂಪ್ ಹೋಗತ್ತೆ ಲ್ಯಾಂಪ್ ಹೋಗತ್ತೆ ಅಂತ ಎಲ್ರೂ ಹೆದರಿಸಿದ್ರು. ವಾರಕ್ಕೆ ಎಂಟು ಗಂಟೆ ನೋಡಿದ್ರೆ ವರ್ಷಕ್ಕೆ 400 ಗಂಟೆ, ಲ್ಯಾಂಪ್ ಆಯಸ್ಸು 4000 ಗಂಟೆ ಅಂದ್ರೆ ಹತ್ತು ವರ್ಷ. ಆ ಗಂಟೆ ಲೆಕ್ಕನೂ ಬೆಳಕು ಅರ್ಧಕ್ಕೆ ಇಳಿಯೋವರೆಗೆ, ಅವತ್ತೇ ಢಂ ಅಂತ ಹೋಗಲ್ಲ. ದಿನಾ ಟೀವಿ ಹಾಗೆ ಬಳಸೋರು ಲ್ಯಾಂಪ್ ಬದಲು ಲೇಸರ್ ಬೆಳಕಿರೋ ಪ್ರೊಜೆಕ್ಟರ್ ನೋಡಿ, 20,000 ಗಂಟೆ ಹೇಳ್ತಾರೆ.

ನನಗೆ ಲ್ಯಾಂಪ್‌ಗಿಂತ ಭಯ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಸ್ಟು ಹಿಡಿಯೋ ಊರು, ಲೆನ್ಸ್ ಬಿಡತ್ತಾ. ನೋಡ್ಲಿ ಬಿಡ್ಲಿ ವಾರಕ್ಕೆ ಎರಡು ಸಲ ಅರ್ಧ ಗಂಟೆ ಆನ್ ಮಾಡಿ ಬಿಸಿ ಮಾಡ್ತೀನಿ, ಆಫ್ ಆಗಿ ತಣ್ಣಗಾದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ ಪ್ಲಾಸ್ಟಿಕ್ ಕವರ್ ಕಟ್ತೀನಿ. ರೂಮಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಬಂದ್, ಆ ಹೊಗೆ ಲೆನ್ಸ್‌ಗೆ ಅಂಟತ್ತೆ. ಫಿಲ್ಟರ್ ತಿಂಗಳಿಗೊಮ್ಮೆ ಬ್ಲೋಅರ್‌ನಲ್ಲಿ ಊದ್ತೀನಿ. ಮೊದಲ ಮಳೆಗೆ ಏಳೋ ರೆಕ್ಕೆ ಗೆದ್ದಲಿಗೆ ಮಾತ್ರ ಮದ್ದಿಲ್ಲ, ರೂಮಲ್ಲಿ ಬೆಳಕು ಇರೋದು ಅದೊಂದೇ ಕಡೆ, ಎಲ್ಲ ನೇರ ಲೆನ್ಸ್ ಮುಂದೆ ಬಂದು ಗೋಡೆ ಮೇಲೆ ಗಿಡುಗದಷ್ಟು ದೊಡ್ಡ ನೆರಳು. ಅದನ್ನ ಹಿಡಿಯೋಕೆ ಹಲ್ಲಿ ಬೇರೆ, ಹೀರೋಯಿನ್ ಅಳ್ತಾ ಇದ್ರೆ ಕೆನ್ನೆ ಮೇಲೆ ಹಲ್ಲಿ ಓಡತ್ತೆ. ಅಂಥ ದಿನ ಆಫ್ ಮಾಡಿ ಮಲಗೋದೇ.

ಈಗ ಲ್ಯಾಂಪ್ ಮೀಟರ್ 1,300 ಗಂಟೆ ತೋರಿಸ್ತಾ ಇದೆ. ತಾರಸಿಗೆ ಕಟ್ಟಿದ ಕೆಂಪು ಬಟ್ಟೆ ಥಂಡಿಗೆ ಜೋತು ಬಿದ್ದು ನಡುವೆ ಹೊಟ್ಟೆ ಬಂದಿದೆ, ಈ ಸಲ ಮಳೆ ಹಿಡಿಯೋ ಮೊದಲು ಅದನ್ನ ಬಿಚ್ಚಿ ಮರದ ಚೌಕಟ್ಟಿಗೆ ಎಳೆದು ಹೊಡಿಸ್ಬೇಕು, ಆಚಾರಿ ಇನ್ನೂ ಬಂದಿಲ್ಲ.